ಬೇಟೆಯ ಮೊದಲ ಬೆಳಿಗ್ಗೆ ಹಾರ್ನ್ ಒತ್ತಿದ ಬಗ್ಗೆ

ಹೆಸರು ಒರ್ವಿಲ್ ಟ್ವೇಟ್, ವಯಸ್ಸು ಎಪ್ಪತ್ನಾಲ್ಕು, ರೈಲ್ವೆ ಹಳಿ ಕೆಲಸದಿಂದ ನಿವೃತ್ತ, ವಾಸ ಸ್ಟೋನ್ ಕ್ರೀಕ್, ಧಾನ್ಯದ ಗೋದಾಮಿನ ಹಿಂದಿನ ಮನೆ, ಮೊಂಟಾನಾ. ಮನೆಯಲ್ಲಿ ನಾನೊಬ್ಬನೇ. ಶೆರಿಫ್ ಕಚೇರಿಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಸುಟ್ಟು ಖಾಲಿಯಾದ ರೈಫಲ್‌ನ ಹಿತ್ತಾಳೆ ತೋಟಾಗಳನ್ನು ಶುಚಿಮಾಡಿ, ಕಿಡಿ ಹೊತ್ತಿಸುವ ಹೊಸ ಕೇಪು, ಮದ್ದು, ಗುಂಡು ತುಂಬಿ ಮತ್ತೆ ಬಳಸುವುದು ನಮ್ಮ ಮನೆಯ ಹಳೆಯ ರೂಢಿ. ಕೇಪಿನ ಗುಳಿಯ ಮಸಿ ಕೆರೆದು, ಅಕ್ರೋಟ ಸಿಪ್ಪೆಯ ತರಿ ತುಂಬಿದ ಕುಲುಕುವ ಯಂತ್ರಕ್ಕೆ ತೋಟಾಗಳನ್ನು ಹಾಕುವುದು ನನ್ನ ಪಾಲಿನ ಕೆಲಸ. ಹೊಳಪು ಬಂದ ಮೇಲೆ ಒಂದೊಂದರೊಳಗೂ ತುದಿ ಬಗ್ಗಿಸಿದ ತಂತಿ ಇಳಿಸಿ ಒಳಗೋಡೆ ತಡವುವುದು ನನ್ನ ಹೆಂಡತಿ ಮಾರ್ಲಿಸ್‌ಳ ಕೆಲಸ. ಹಲವು ಸಲ ಸುಟ್ಟ ತೋಟಾ ಬುಡದ ಹತ್ತಿರ ಸವೆದು ಒಳಗೆ ಗೀರು ಬೀಳುತ್ತದೆ. ಅಂಥದ್ದನ್ನು ಮತ್ತೆ ಸುಟ್ಟರೆ ಬುಡ ಕಿತ್ತು ಬೆಂಕಿ ಮುಖಕ್ಕೇ ಬರಬಹುದು. ತಂತಿ ಸಿಕ್ಕಿಕೊಂಡ ತೋಟಾವನ್ನು ಅವಳು ಇಕ್ಕಳದಲ್ಲಿ ಅಪ್ಪಚ್ಚಿ ಮಾಡಿ ಎಸೆಯುತ್ತಿದ್ದಳು.

ಮಾರ್ಲಿಸ್ ಹೋದ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡಳು. ತಂತಿ ಅಡುಗೆಮನೆಯ ಮೊಳೆಯಲ್ಲಿ ಹಾಗೇ ಇತ್ತು. ನಾನು ಅದನ್ನು ಮುಟ್ಟಲಿಲ್ಲ. ಯಂತ್ರವನ್ನು ಮಾತ್ರ ಬೆಳಿಗ್ಗೆ ಎದ್ದ ಕೂಡಲೇ ಹಾಕಿ, ಮಲಗುವಾಗ ಆರಿಸುತ್ತಿದ್ದೆ. ಎರಡು ಗಂಟೆಗೇ ಶುಚಿಯಾಗುವ ತೋಟಾಗಳನ್ನು ದಿನವಿಡೀ ಕುಲುಕಿಸಿದೆ. ಮನೆಯಲ್ಲಿ ಬೇರೆ ಸದ್ದೇ ಇರಲಿಲ್ಲ. ಅವು ಕನ್ನಡಿಯಂತೆ ಹೊಳೆಯುತ್ತಿದ್ದವು. ಆ ಹೊಳಪಿನಲ್ಲಿ, ಗೀರಿದ್ದರೆ ಹೊರಗೆ ತುಸು ಕಾಣುವ ಮಸುಕು ಗೆರೆಯೂ ಅಳಿಸಿಹೋಗಿತ್ತು.

ಅವುಗಳಲ್ಲಿ ಇಪ್ಪತ್ತನ್ನು ತುಂಬಿ, ಮಾರ್ಲಿಸ್‌ಳ ರೈಫಲ್ ಸಮೇತ ಅವಳ ತಂಗಿಯ ಮಗಳು ಬ್ರಿಟ್ಟಾಳಿಗೆ ಕಳೆದ ಭಾನುವಾರ ಕೊಟ್ಟೆ. ಚೆನ್ನಾಗಿ ಹೊಳೀತಿವೆ ದೊಡ್ಡಪ್ಪಾ ಎಂದಳು. ನನಗೂ ಹೆಮ್ಮೆಯಾಯಿತು.

ಇಂದು ಶನಿವಾರ, ಎಲ್ಕ್ ಎಂಬ ದೊಡ್ಡ ಜಿಂಕೆಗಳ ಬೇಟೆಯ ಮೊದಲ ದಿನ. ಬೆಳಿಗ್ಗೆ 5.15ಕ್ಕೆ ಯಂತ್ರದ ಮೋಟಾರು ಸುಟ್ಟು ನಿಂತಿತು. ಮನೆ ಬಿಕೋ ಎಂದಿತು. ಕೈಗೆ ಏನಾದರೂ ಕೆಲಸ ಬೇಕೆನಿಸಿ ಮೊಳೆಯಿಂದ ತಂತಿ ತೆಗೆದೆ. ಉಳಿದಿದ್ದ ತೋಟಾಗಳಲ್ಲಿ ಮೊದಲನೆಯದರಲ್ಲೇ ಅದು ಸಿಕ್ಕಿಕೊಂಡಿತು. ಎರಡನೆಯದರಲ್ಲೂ ಸಿಕ್ಕಿಕೊಂಡಿತು.

ಬ್ರಿಟ್ಟಾಳಿಗೆ ಫೋನ್ ಮಾಡಿದೆ, ಹೋಗಲಿಲ್ಲ. ಅವಳು ಬೇಟೆಗೆ ಹೋಗುವ ಬೆಟ್ಟದಲ್ಲಿ ಸಿಗ್ನಲ್ ಇರುವುದಿಲ್ಲ. ತಂತಿಯನ್ನು ಜೇಬಿಗೆ ಹಾಕಿಕೊಂಡು 5.50ಕ್ಕೆ ಹೊರಟು, ಮೂವತ್ತೊಂದು ಮೈಲಿ ದಾಟಿ, 7.05ಕ್ಕೆ ಬೆಟ್ಟದ ಬುಡ ಸೇರಿದೆ. ಅವಳ ಟ್ರಕ್ ಇತ್ತು, ಅವಳಿರಲಿಲ್ಲ. ನನ್ನ ಮಂಡಿಗೆ ಆ ಏರು ಆಗದ ಮಾತು. ಗುಂಡು ಹಾರಿಸಲು ಕಾನೂನು ಬಿಡುವ ಹೊತ್ತಿಗೆ ಇಪ್ಪತ್ತು ನಿಮಿಷವಷ್ಟೇ ಉಳಿದಿತ್ತು. ಅವಳು ಇಳಿದು ಬರಲೆಂದು ಹಾರ್ನ್ ಒತ್ತಿ ಹಿಡಿದೆ.

ಬೇಟೆಗಾರರು ಒಬ್ಬೊಬ್ಬರಾಗಿ ಇಳಿದು ಬಂದು ಬೈದರು. ಫಿರ್ಯಾದುದಾರ ಡ್ವೇನ್ ಕಟ್ಲರ್ ಕಿಟಕಿ ಬಡಿದು, "ಏನಜ್ಜಾ, ಎಲ್ಕ್‌ಗಳ ಮದುವೆ ದಿಬ್ಬಣ ಹೊರಡಿಸ್ತಿದೀಯಾ? ವರ್ಷಪೂರ್ತಿ ಕಾದಿದ್ದೀನಿ ಕಣಯ್ಯಾ!" ಎಂದರು. ಕೀಲಿ ಕಿತ್ತುಕೊಳ್ಳಲು ಕೈಹಾಕಿದಾಗ ಅವರ ಕೈಗೆ ಹೊಡೆದದ್ದು ನಿಜ. ಅಷ್ಟರಲ್ಲಿ ಮೇಲಿನಿಂದ ಒಂದು ಗುಂಡಿನ ಸದ್ದು ಕೇಳಿತು. ಯಾರದ್ದೆಂದು ತಿಳಿಯಲಿಲ್ಲ. ಹಾರ್ನ್ ಬಿಡಲಿಲ್ಲ.

8.10ಕ್ಕೆ ಬ್ರಿಟ್ಟಾ ಬಂದಳು. ಮುಖ ಕೆಂಪಾಗಿತ್ತು, ಆದರೆ ಮುಕ್ಕಾಗಿರಲಿಲ್ಲ. "ನಿಮ್ಗೇನು ತಲೆ ಕೆಟ್ಟಿದ್ಯಾ ದೊಡ್ಡಪ್ಪಾ? ಇಷ್ಟು ದೊಡ್ಡ ಗಂಡು ಎಲ್ಕ್ ಎದುರಿಗೇ ನಿಂತಿತ್ತು. ಟ್ರಿಗರ್ ಮೇಲೆ ಬೆರಳಿಟ್ಟಿದ್ದೆ. ನಿಮ್ಮ ಹಾರ್ನಿಗೆ ಓಡಿಹೋಯ್ತು" ಎಂದಳು. ಆ ಗುಂಡು ಬೇರೆಯವರದು. ಅವಳ ರೈಫಲ್‌ನಲ್ಲಿದ್ದ ತೋಟಾವನ್ನು ಹೊರಗೆ ತೆಗೆದು, ಉಳಿದವನ್ನೂ ಇಸಿದುಕೊಂಡು ವಿಷಯ ಹೇಳಿದೆ. ದೊಡ್ಡಮ್ಮನ ತಂತಿ ಯಾಕೆ ಆಡಿಸಲಿಲ್ಲ ಎಂದು ಕೇಳಿದಳು. ಅದನ್ನು ನಾನು ಹಿಡಿದರೆ ಅವಳಿಲ್ಲವೆಂದು ಒಪ್ಪಿಕೊಂಡ ಹಾಗೆ ಎಂದೆ. ಬ್ರಿಟ್ಟಾ ನನ್ನ ಫ್ಲಾಸ್ಕಿನಿಂದ ನನಗೇ ಕಾಫಿ ಬಗ್ಗಿಸಿ ಕೊಟ್ಟಳು.

ರೈಫಲ್‌ನಿಂದ ತೆಗೆದ ಆ ತೋಟಾವನ್ನು ಕಚೇರಿಯಲ್ಲಿ ತಮ್ಮೆದುರೇ ಬಿಚ್ಚಿ ಬರಿದುಮಾಡಿದೆ. ತಂತಿಯನ್ನು ತಾವೇ ಆಡಿಸಿ ನೋಡಿದ್ದೀರಿ. ಸಿಕ್ಕಿಕೊಂಡಿತು.

ಬೇಟೆಗೆ ಅಡ್ಡಿಪಡಿಸಿದ್ದನ್ನು ಒಪ್ಪುತ್ತೇನೆ, ದಂಡ ಕಟ್ಟುತ್ತೇನೆ. ಕಟ್ಲರ್ ಅವರ ಕ್ಷಮೆ ಕೇಳುತ್ತೇನೆ. ಮತ್ತೆ ಅಂಥದ್ದೇ ಬೆಳಿಗ್ಗೆ ಬಂದರೆ ಮತ್ತೆ ಒತ್ತುತ್ತೇನೆ. ನಾಳೆ ಭಾನುವಾರ ಮನೆಗೆ ಬರುವುದಾಗಿ ಬ್ರಿಟ್ಟಾ ಹೇಳಿದ್ದಾಳೆ. ಬಂದಾಳೋ ಇಲ್ಲವೋ ಗೊತ್ತಿಲ್ಲ.

ಸಾಕ್ಷ್ಯಕ್ಕೆಂದು ಇಟ್ಟುಕೊಂಡಿರುವ ತೋಟಾಗಳು ನನಗೆ ವಾಪಸು ಬೇಡ. ತಂತಿಯನ್ನು ಮಾತ್ರ ದಯವಿಟ್ಟು ಹಿಂದಿರುಗಿಸಬೇಕು. ಅದರ ತುದಿ ಬಗ್ಗಿಸಿದ್ದು ಮಾರ್ಲಿಸ್. ಯಾರೂ ನೆಟ್ಟಗೆ ಮಾಡದಂತೆ ನೋಡಿಕೊಳ್ಳಬೇಕು.

ಮೇಲೆ ಬರೆಸಿದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ಸ್ಟೋನ್ ಕ್ರೀಕ್
ದಿನಾಂಕ: 25 ಅಕ್ಟೋಬರ್, ಶನಿವಾರ
ಸಹಿ: ಒರ್ವಿಲ್ ಟ್ವೇಟ್