ಕೊಂಬಿಗೆ ಸುತ್ತಿದ ಹಗ್ಗ

ನೀನು ಒಳಗೆ ಬರುವವರೆಗೆ ಬಾಗಿಲು ಹಾಕುವುದಿಲ್ಲ ಎಂದು ಅಣ್ಣಮ್ಮಜ್ಜಿ ತನ್ನ ತಮ್ಮನಿಗೆ ಮಾತು ಕೊಟ್ಟದ್ದು ನಾನು ಹುಟ್ಟುವುದಕ್ಕೂ ಮೊದಲು. ಅದು ನನಗೆ ಗೊತ್ತಾದದ್ದು ಈ ಮೇ ತಿಂಗಳಲ್ಲಿ, ಹಗರೆಯ ಹಾಲಿನ ಡೈರಿಯಲ್ಲಿ.

ಸಂಜೆಯ ಹಾಲು ಹಾಕಲು ಹೋದಾಗ ಬಿಸಿಲು ಸುಡುತ್ತಿತ್ತು. ಕ್ಯಾನು ಇಳಿಸುವಷ್ಟರಲ್ಲಿ ಬೇಲೂರಿನ ಕಡೆ ಆಕಾಶ ಕಪ್ಪಿಟ್ಟು, ಧೂಳೆದ್ದು, ರಸ್ತೆಯಾಚೆಯ ತೆಂಗಿನ ಮರಗಳು ಮುರಿಯುವಂತೆ ಬಾಗಿದವು. ಹಿಂದೆಯೇ ಆಲಿಕಲ್ಲು. ಕರೆಂಟು ಹೋಯಿತು. ಮನೆಯಲ್ಲಿ ಮಗಳೊಬ್ಬಳೇ ಇದ್ದಾಳೆಂದು ಫೋನ್ ಮಾಡಿದೆ, ಸಿಗ್ನಲ್ ಇರಲಿಲ್ಲ. ಒಳಗೆ ಸಿಕ್ಕಿಕೊಂಡವರು ನಾಲ್ವರು: ಡೈರಿಯ ಕಾರ್ಯದರ್ಶಿ ಷಡಕ್ಷರಪ್ಪ, ಹಾಲು ಹಾಕಲು ಬಂದ ತಿಮ್ಮಯ್ಯ, ನಾನು, ಮೂಲೆಯ ಬೆಂಚಿನ ಮೇಲೆ ಅಣ್ಣಮ್ಮಜ್ಜಿ.

ಎರಚಲು ಒಳಗೆ ಹೊಡೆಯತೊಡಗಿತು. ಷಡಕ್ಷರಪ್ಪ ಶಟರ್‌ಗೆ ಕೈ ಹಾಕಿದ.

"ಎಳೀಬ್ಯಾಡ ಕಣಪ್ಪ. ನನ್ ಹಸ ಹೊಲ್ದಲ್ಲೈತೆ. ಅಲ್ಲೇ ಕರ್ದು, ಹಾಲು ಹಾಕಿ ಬಂದು ಹೊಡ್ಕಂಡ್ ಹೋಗಾನ ಅಂತ ಕಟ್ ಬಂದಿವ್ನಿ," ಎಂದಳು ಅಜ್ಜಿ.

"ಈಗ ಹಸನೇ ಹಗ್ಗ ಬಿಚ್ಕಂಡು ಡೈರಿಗೆ ಬತ್ತದಾ ಅಜ್ಜಿ? ಬಂದು ಹಾಲೂ ತಾನೇ ಅಳ್ಕೊಡ್ತದೇನೋ!" ತಿಮ್ಮಯ್ಯ ನಕ್ಕ.

"ಹಸ ಬಿಚ್ಕಳಲ್ಲ ಕಣ್ಲಾ. ಬಿಚ್ಚೋರು ಅವ್ರೆ."

ನಗು ನಿಂತಿತು. ಆ ಒಂದು ಹಸು ಬಿಟ್ಟರೆ ಅಜ್ಜಿಗೆ ಮನೆಯಲ್ಲಿ ಮಾತಾಡಿಸಲು ಇನ್ನೊಂದು ಜೀವ ಇರಲಿಲ್ಲ. ಅವಳು ಹೊರಗೆ ನೋಡುತ್ತಲೇ ಶುರು ಮಾಡಿದಳು.

"ನನ್ ಗಂಡ ಹೋದ್ಮೇಲೆ ಅರಸೀಕೆರೆಯಿಂದ ನನ್ ತಮ್ಮ ಸಣ್ಣಯ್ಯ ಬಂದು ಜತೇಲಿದ್ದ... ಅಕ್ಕ ಒಬ್ಳೇ ಆಯ್ತಾಳೆ ಅಂತ ಮದ್ವೆನೂ ಬ್ಯಾಡ ಅಂದ್ಬುಟ್ಟ. ಇಂಥದ್ದೇ ಬ್ಯಾಸ್ಗೆ, ಇಂಥದ್ದೇ ಹೊತ್ತು. ಬಿಸ್ಲು ಇದ್ದಂಗೇ ಕತ್ಲಾಯ್ತು, ಹೆಂಚೆಲ್ಲ ತರಗೆಲೆ ಹಾರ್ದಂಗೆ ಹಾರೋವು... ಹಸ ಹೊಲ್ದಲ್ಲಿ ಹೊಂಗೆ ಮರಕ್ಕೆ ಕಟ್ಟಿತ್ತು. ಸಿಡ್ಲು ಬಡೀತದೆ, ಹೋಗ್ಬ್ಯಾಡ ಕಣ್ಲಾ ಅಂದೆ. ಕೇಳ್ತಾನಾ? 'ಕಟ್ ಹಾಕಿರೋರು ನಾವೇ ಅಲ್ವೇನಕ್ಕ? ಬಿಚ್ಕಂಡ್ ಬತ್ತೀನಿ, ಬಾಗ್ಲು ಮಾತ್ರ ಹಾಕ್ಬ್ಯಾಡ' ಅಂದ. 'ನೀನ್ ಒಳೀಕ್ ಬರಗಂಟ ಹಾಕಾಕಿಲ್ಲ, ಹೋಗು' ಅಂದೆ... ಹಸ ಬಂತು. ಹಗ್ಗ ಕಾಲಿಗೆ ತೊಡರ್ತದೆ ಅಂತ ಅದ್ನ ಕೊಂಬಿಗೆ ಸುತ್ತಿ ಬಿಡೋನು ಅವ್ನು. ಹಂಗೇ ಸುತ್ತಿತ್ತು. ನೆಟ್ಟಗೆ ಹಿತ್ಲ ಕೊಟ್ಟಿಗೆಗೆ ಹೋಯ್ತು. ಅವ್ನು? ಅವ್ನು ಆ ಮರದ ಬುಡ್ದಲ್ಲೇ ಇದ್ದ... ಒಂದ್ ಮಗ್ಗುಲೆಲ್ಲ ಕರ್ರಗೆ."

ಸಿಡಿಲೊಂದು ಹತ್ತಿರದಲ್ಲೇ ಬಡಿಯಿತು. ಅಜ್ಜಿ ಬೆಚ್ಚಲಿಲ್ಲ.

"ಆಮ್ಯಾಕೆ ಎಷ್ಟ್ ಹಸ ಬಂದ್ವು, ಎಷ್ಟ್ ಹೋದ್ವು. ಬ್ಯಾಸ್ಗೆ ಗಾಳಿಮಳೆ ಎದ್ರೆ ಸಾಕು, ನಾನು ಹೊಲದ ಕಡೆ ಓಡೋಕ್ ಮುಂಚೇನೇ ಹಸ ಕೊಟ್ಟಿಗೇಲಿರ್ತದೆ, ಹಗ್ಗ ಕೊಂಬಿಗೆ ಸುತ್ಕಂಡು. ಕೊಟ್ಟಿಗೆಗಂಟ ಬಿಟ್ಟು ಅವ್ನು ಹಂಗೇ ತಿರಿಗ್ಕಂಡ್ ಹೋಯ್ತಾನೆ. ನಾನು ಮನೆ ಬಾಗ್ಲು ತಕ್ಕಂಡು ಕೂತಿರ್ತೀನಿ, ನೀರು ನಡುಮನೆಗಂಟ ನುಗ್ತದೆ... ಒಂದ್ ದಿನನೂ ಒಳೀಕ್ ಬರ್ಲಿಲ್ಲ ಕಣಪ್ಪ. ದೆವ್ವ ಅಂತೀರಿ ನೀವು. ದೆವ್ವ ಆದ್ರೇನು, ನೆನೆಯಲ್ವಾ ಅವ್ನು?"

ಬಾಗಿಲಲ್ಲಿ ಗೊರಸಿನ ಸದ್ದಾಯಿತು.

ಅಜ್ಜಿಯ ಹಸು. ಇಲ್ಲಿ ಕೊಟ್ಟಿಗೆಯಿಲ್ಲ, ಇರುವುದು ಇದೊಂದೇ ಬಾಗಿಲು; ಅದು ಮೈ ನಡುಗಿಸುತ್ತಾ ನೇರ ನಮ್ಮ ನಡುವೆ ಬಂದು ನಿಂತಿತು. ಹಗ್ಗ ಹರಿದಿರಲಿಲ್ಲ. ಎರಡೂ ಕೊಂಬಿಗೆ ಸೇರಿಸಿ ಅಚ್ಚುಕಟ್ಟಾಗಿ ಸುತ್ತಿ, ತುದಿ ಸಿಕ್ಕಿಸಿತ್ತು.

"ಯಾರೋ ದಾರೀಲಿ ಹೋಗೋರು ಬಿಚ್ಚಿರ್ತಾರೆ," ಎಂದ ತಿಮ್ಮಯ್ಯ, ದನಿ ಇಳಿಸಿ.

ಅಜ್ಜಿ ಹಸುವನ್ನು ನೋಡುತ್ತಿರಲಿಲ್ಲ. ಅದರ ಹಿಂದೆ, ಬಾಗಿಲನ್ನು ನೋಡುತ್ತಿದ್ದಳು. ಅವಳ ಕಣ್ಣು ನಿಧಾನವಾಗಿ ಹೊಸ್ತಿಲಿನಿಂದ ಹಸುವಿನ ಪಕ್ಕಕ್ಕೆ, ಅಲ್ಲಿಂದ ನನ್ನ ಮುಂದೆ ಹಾದು, ತನ್ನ ಬೆಂಚಿಗೆ ಬಂತು. ಸೆರಗು ಎಳೆದುಕೊಂಡು ಕೊಂಚ ಸರಿದು, ಜಾಗ ಬಿಟ್ಟಳು.

"ಈಗ ಎಳಿಯಪ್ಪ ಶಟರ್ನ."

ಷಡಕ್ಷರಪ್ಪ ಎಳೆದ. ಕತ್ತಲಾಯಿತು. ಅಜ್ಜಿ ಮಳೆಗೆ ಮುಂಚೆಯೇ ಬಂದವಳು, ಅವಳ ಸೀರೆ ಒಣಗಿಯೇ ಇತ್ತು. ಬೆಂಚಿನ ಮೇಲೆ ಅವಳು ಬಿಟ್ಟ ಜಾಗದಿಂದ ನೆಲಕ್ಕೆ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು.

ಅಜ್ಜಿ ಕೊಟ್ಟ ಮಾತು ನಡೆಸಿದ್ದಳು.