ಅಂಟು ಮೆತ್ತಿದ ರೇಡಿಯೋ

ಅಯ್ಯೋ, ಕೂತ್ಕೋ ಅಂದ್ನಲ್ಲ ತಸಲ್ಲಾ! ಒಂಟೆ ಕಳ್ಕೊಂಡೋರ ಹಾಗೆ ಅಂಗಳದ ನಡುವೆ ನಿಂತೇ ಇದ್ದೀಯಲ್ಲ. ಇಗೋ ಚಾಪೆ. ಹರಿದಿದೆ… ಆದ್ರೂ ನಿನ್ನ ಬಾಯಿಯಷ್ಟು ಹರಿದಿಲ್ಲ ಬಿಡು! ಹ್ಹೆ ಹ್ಹೆ… ಏನು, ನಗೋದಿಲ್ವಾ?

ಸರಿ, ಸರಿ. ನಡ್ಕೊಂಡು ಬಂದಿದ್ದೀಯ, ಕಾಲು ಸೋತಿದೆ. ನೀರು ತಗೋ. ಬೇಡ್ವಾ? ಗಂಟು ಕೂಡ ಇಳಿಸಿಲ್ಲ, ಮನೆಗೂ ಹೋಗದೆ ನೇರ ಇಲ್ಲಿಗೇ ಬಂದ್ಯಾ?

ಗೊತ್ತಾಯ್ತು ಬಿಡು, ದಾರೀಲೇ ಯಾರೋ ಹೇಳಿರ್ತಾರೆ. ನಿನ್ನ ಮಗ ಹಸ್ಸುಮಿ ನಿನಗೆ ಹೇಳದೆ ಲಾರಿ ಹತ್ತಿಬಿಟ್ಟ ಅಂತ ಸಿಟ್ಟು. ಅಲ್ಲಮ್ಮಾ, ನೀನು ತಂಗಿ ಮಗುವಿಗೆ ಹೆಸರಿಡೋಕೆ ಅಂತ ಹೋದೋಳು ವಾರವಾದ್ರೂ ಈ ಕಡೆ ತಲೆ ಹಾಕ್ಲಿಲ್ಲ. ಈರುಳ್ಳಿ ಕಾಯುತ್ತಾ? ಊರಿಡೀ ಕೊಳೆತ ವಾಸನೆ. ರಾಶಿ ಕೆಳಗಿಂದ ನೀರು ಒಸರ್ತಿತ್ತು. ಮುಚ್ಚಿದ್ದ ಗಡಿ ತೆರೀತು ಅಂತ ನೆನ್ನೆ ಸಂಜೆ ರೇಡಿಯೋದಲ್ಲಿ ಬಂತು, ಇವತ್ತು ಮಧ್ಯಾಹ್ನದ ನಮಾಜು ಮುಗಿಸ್ಕೊಂಡು ಲಾರಿ ಹೊರಟೇ ಹೋಯ್ತು. ಮೂಟೆಗಳ ಮೇಲೆ ಕೂತಿದ್ದ ನಿನ್ನ ಮಗ, ಥೇಟ್ ಮದುಮಗ! ಕೈ ಬೀಸಿ, ‘ಲಾವಲಿ ಚಿಕ್ಕಪ್ಪಾ, ಗಡಿಯಾಚೆ ಕಾನೊ ಸಂತೆಯಿಂದ ನಿನ್ನ ರೇಡಿಯೋಗೆ ಹೊಸ ಸೆಲ್ಲು ತರ್ತೀನಿ’ ಅಂತ ಕೂಗಿದ. ಒಳ್ಳೇ ಹುಡುಗ… ಈರುಳ್ಳಿ ಮಾರಿದ್ರೆ ತಾನೇ ಅವನ ಮದುವೆ? ನೀನೇ ಹೇಳ್ತಿದ್ದೆ…

ಏನಾದ್ರೂ ಮಾತಾಡೇ ಮಾರಾಯ್ತಿ!

ಅತ್ತೆ ಮಗಳು ಮಾವನ ಮಗನ್ನ ಬೈಯದೆ ಹೊಸ್ತಿಲು ದಾಟಿದ್ದನ್ನ ಈ ಊರಲ್ಲಿ ಯಾರಾದ್ರೂ ಕಂಡಿದ್ದಾರಾ? ನಮ್ಮಪ್ಪನ್ನ ಮಣ್ಣು ಮಾಡಿದ ದಿನ, ಎಲ್ಲರೂ ಅಳ್ತಾ ಇದ್ರೆ ನೀನು ನನ್ನ ಟೋಪಿ ಕಿತ್ಕೊಂಡು ಓಡಿದೋಳು. ‘ಈ ಕತ್ತೆಗೆ ಟೋಪಿ ಯಾಕೆ, ಮೂಗುದಾರ ಹಾಕಿ’ ಅಂದಿದ್ದೆ. ನಗದೇ ಇದ್ದೋರೂ ನಕ್ಕುಬಿಟ್ರು. ನಂಗೂ ಆವತ್ತು ಉಸಿರು ಬಂತು… ಇವತ್ತೇನು, ಬಾಯಿಗೆ ಬೀಗ? ನಾನು ಅಷ್ಟು ದೂರ ಅಲೆದೋನು. ಅಗಾದೆಜ್ ನೋಡಿದೆ, ಲಿಬಿಯಾ ನೋಡಿದೆ, ಲಾರಿ ಕೆಳಗೆ ಮಲಗಿದೆ, ಮೇಲೂ ಮಲಗಿದೆ. ಆದ್ರೆ ನಿನ್ನ ಈ ಮೌನದಂಥ ಜಾಗ ಎಲ್ಲೂ ನೋಡ್ಲಿಲ್ಲ, ದೇವರಾಣೆ.

ಯಾಕೆ ಆ ಕಡೆ ನೋಡ್ತೀಯ?

ರೇಡಿಯೋನಾ? ಈಗ ಬೇಡ. ಇನ್ನೂ ಹೊತ್ತಿದೆ. ಸೂರ್ಯ ಮುಳುಗಬೇಕು, ಅಲೆ ಬಲಿಬೇಕು… ಮತ್ತೆ ಅದರ ಸ್ಪೀಕರ್ ಹರಿದುಹೋಗಿದೆ. ನಿಂಗೆ ಗೊತ್ತಿಲ್ಲ, ನೀನು ಹೋದ ಮೇಲೆ ಆದದ್ದು. ವಾರವೆಲ್ಲ ಈ ಕಿವಿಬಳ್ಳಿ ವೈರನ್ನ ಕಿವಿಗೆ ಸಿಕ್ಕಿಸ್ಕೊಂಡೇ ಕೇಳಿದ್ದು. ಬೇವಿನ ಮರದ ಕೆಳಗೆ ಎಲ್ರೂ ಸುತ್ತ ಕೂತಿರ್ತಾರೆ, ನಾನೊಬ್ಬನೇ ಕೇಳೋದು, ಕೇಳಿದ್ದನ್ನ ಒಂದೊಂದೇ ಮಾತು ಬಿಡಿಸಿ ಅವರಿಗೆ ಹೇಳೋದು. ಮೊದಲಿಗಿಂತ ಇದೇ ಚೆನ್ನಾಗಿದೆ ಅಂತಾರೆ ಹೆಂಗಸರು! ‘ಆ ಪರದೇಶದೋನು ಗಡಗಡ ಓದ್ತಾನೆ, ನಮ್ಮ ಲಾವಲಿ ಹೇಳಿದ್ರೆ ಕಣ್ಣಿಗೆ ಕಟ್ಟುತ್ತೆ’ ಅಂತ. ದಿನಾ ಒಂದೊಂದು ಮನೆಯಿಂದ ಸೋರೆಬುರುಡೆ ತುಂಬ ಫುರಾ ಉಂಡೆ, ಮೇಲೆ ಮೊಸರು. ಸಜ್ಜೆ ಬಿತ್ತದೋನಿಗೆ ಸಜ್ಜೆ ಊಟ… ಹ್ಹೆ…

ಮಂಗಳವಾರ ಕೇಳುಗರ ಪತ್ರ. ಅದರಲ್ಲಿ ಡಕಾರ್‌ನಿಂದ ಒಬ್ಬ ದರ್ಜಿ ಬರೆದಿದ್ದ, ಅವನ ಹೊಲಿಗೆ ಯಂತ್ರದ ಸದ್ದಿಗೆ ಹೆಂಡತಿ ಓಡಿಹೋದ್ಲಂತೆ! ಬಿದ್ದು ಬಿದ್ದು ನಕ್ರು ಜನ. ಬುಧವಾರ ಡಾಕ್ಟರಮ್ಮ. ಮಕ್ಕಳಿಗೆ ನೀರು ಕಾಯಿಸಿ ಕುಡಿಸಿ ಅಂದ್ಲು. ಒಳ್ಳೇದೇ ತಾನೇ? ಯಾರಿಗೇನು ಕೇಡು? ಶುಕ್ರವಾರ ಮೌಲ್ವಿ ಪ್ರಶ್ನೋತ್ತರ. ಅದನ್ನ ನಾನು ಬೇಗ ಮುಗಿಸಿದೆ… ಅಂದ್ರೆ ಅವರು ಬೇಗ ಮುಗಿಸಿದ್ರು. ಶನಿವಾರ ನಾಟಕ. ಅಬ್ಬಾ, ಶನಿವಾರ! ಆ ಘಾಟಿ ಅತ್ತೆ, ಹಜಿಯಾ ಕುಲು ಇದ್ದಾಳಲ್ಲ? ಸತ್ತೇಹೋದ್ಲು! ಸೊಸೆಗಿಟ್ಟಿದ್ದ ವಿಷದ ಅಂಬಲಿ ತಾನೇ ಕುಡಿದು, ಮಣೆ ಮೇಲೇ…

ಯಾಕೆ ಹುಬ್ಬು ಏರಿಸ್ದೆ?

ಸತ್ಲು ಕಣೇ. ಊರೆಲ್ಲ ಕುಣೀತು. ಯಾಕೆ, ಸಾಯಬಾರದಾ? ಒಂದಿನ ಸಾಯಲೇಬೇಕು ತಾನೇ ಎಲ್ರೂ… ನೀನ್ಯಾಕೆ ಹಾಗೆ ನೋಡ್ತೀಯ, ನೀನೇನು ಕೇಳಿದ್ಯಾ ಅಲ್ಲಿ? ನಿನ್ನ ತಂಗಿ ಗಂಡ ಜಿಪುಣ, ದೀಪಕ್ಕೇ ಎಣ್ಣೆ ಹಾಕದೋನು, ಅವನ ಮನೇಲಿ ಎಲ್ಲಿಂದ ಬರಬೇಕು ರೇಡಿ…

ಇದೆಯಾ?

ಅವನು… ತಗೊಂಡ್ನಾ? ಮಗು ಹುಟ್ಟಿದ ಖುಷಿಗೆ? ಓಹೋ. ಒಳ್ಳೇದಾಯ್ತು. ಒಳ್ಳೇ… ದಿನಾ ಹಾಕ್ತಿದ್ನಾ? ಅದೇ ಸ್ಟೇಷನ್ನಾ?

ತಲೆ ಆಡಿಸಿದ್ಯಾ, ನೊಣ ಓಡಿಸಿದ್ಯಾ? ಸರಿಯಾಗಿ ಹೇಳು.

ಸೆಕೆ ನೋಡು ಎಷ್ಟಿದೆ… ಬೆವರು… ಈ ತಿಂಗಳೇ ಹೀಗೆ. ನೋಡು ತಸಲ್ಲಾ, ಅಲೆ ಅನ್ನೋದು ಒಂದೊಂದು ಊರಲ್ಲಿ ಒಂದೊಂದು ಥರ. ಅಲ್ಲಿಗೆ ಬೇರೆ ಕಳಿಸ್ತಾರೆ, ಇಲ್ಲಿಗೆ ಬೇರೆ. ಅಲ್ಲಿ ಹಜಿಯಾ ಕುಲು ಬದುಕಿರಬಹುದು, ಇಲ್ಲಿ… ಥೂ. ಏನು ಹೇಳ್ತಾ ಇದ್ದೀನಿ ನಾನು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾಗುತ್ತೆ. ನೀನಿನ್ನೂ ಕಳ್ಳ ಅಂತಲೂ ಅಂದಿಲ್ಲ.

ಏ, ಅದನ್ನ ಯಾಕೆ ತಗೊಂಡೆ? ಇಡು! ಇಡು ತಸಲ್ಲಾ… ಅಯ್ಯೋ, ನೀನು ಎತ್ಕೊಂಡದ್ದನ್ನ ನಾನು ಕಿತ್ಕೊಳ್ಳೋ ಹಾಗಿಲ್ಲ, ಗೊತ್ತು. ಅತ್ತೆ ಮಗಳ ಕೈಗೆ ಬಂದದ್ದು ಅವಳದೇ, ಅಜ್ಜಂದಿರು ಹಾಗೆ ಕಟ್ಟು ಹಾಕಿ ಹೋದ್ರು. ಟೋಪಿ ತಗೋ, ಚಪ್ಪಲಿ ತಗೋ, ಗುಡಿಸಲೇ ಎತ್ಕೊಂಡು ಹೋಗು. ಅದೊಂದು ಬೇಡ. ಕಿವಿಬಳ್ಳಿ ಕೀಳಬೇಡ, ಸ್ಪೀಕರ್ ಹರಿದಿದೆ ಅಂತ ಹೇಳಿದ್ನಲ್ಲ, ಕೀಳಬೇ…

…

ಹೂಂ. ಸ್ಪೀಕರ್ ನೆಟ್ಟಗಿದೆ.

ಕೇಳು. ಚೆನ್ನಾಗಿ ಕೇಳು. ಬರೀ ಗಾಳಿ. ಬಾಣಲೇಲಿ ಮರಳು ಹುರಿದ ಹಾಗೆ. ಕಳೆದ ವಾರ ಅದು ಬಾಯಿ ಮುಚ್ಚಿದ್ದು, ಆಮೇಲೆ ಒಂದು ಮಾತಾಡಿಲ್ಲ. ಮೊದಲನೇ ಸಂಜೆ ಎಲ್ರೂ ಆಗಲೇ ಕೂತಿದ್ರು, ಮುದುಕರು ಮುಂದೆ, ಹೆಂಗಸರು ಗೋಡೆ ಪಕ್ಕ, ನನ್ನ ಮಡಿಲಲ್ಲಿ ಬುರುಡೆ. ಗುಂಡಿ ಒತ್ತಿದೆ, ಸುಯ್ಯ್ ಅಂತು. ಎಲ್ಲರ ಕಣ್ಣೂ ನನ್ನ ಮುಖದ ಮೇಲೆ. ನಾನು ಏನು ಮಾಡ್ಲಿ ಹೇಳು? ಹೊಲ ಇಲ್ಲ, ದನ ಇಲ್ಲ, ನಾಲ್ಕಕ್ಷರ ಸರಿಯಾಗಿ ಓದ್ಲಿಲ್ಲ. ‘ಎಲ್ಲಿ ಆ ಲಾವಲಿ’ ಅಂತ ಈ ಊರು ಕೇಳೋದು ಇದೊಂದು ಹೊತ್ತಿಗೆ. ಕಿವಿಬಳ್ಳಿ ಸಿಕ್ಕಿಸ್ಕೊಂಡೆ. ‘ಸ್ಪೀಕರ್ ಹೋಯ್ತು, ನಾನು ಹೇಳ್ತೀನಿ’ ಅಂದೆ. ಕಿವಿಯಲ್ಲಿ ಮರಳು ಹುರಿಯೋ ಸದ್ದು, ಬಾಯಲ್ಲಿ ದೇಶ ವಿದೇಶದ ಸುದ್ದಿ. ಎಷ್ಟು ಸಲೀಸು ಗೊತ್ತಾ? ಹೆದರಿಕೆ ಆಗುವಷ್ಟು ಸಲೀಸು.

ಸ್ಟೇಷನ್ನೇ ಸತ್ತುಹೋಯ್ತು ಅಂದ್ಕೊಂಡೆ. ಎರಡು ಸರ್ಕಾರ ಜಗಳ ಆಡ್ತಿವೆ, ಯಾರಾದ್ರೂ ಕತ್ತು ಹಿಸುಕಿರ್ತಾರೆ ಅಂತ. ಇವತ್ತಲ್ಲ ನಾಳೆ ಉಸಿರಾಡುತ್ತೆ, ಅಲ್ಲಿವರೆಗೆ ನಾನು ನಡೆಸ್ಕೊಂಡು ಹೋಗ್ತೀನಿ…

ಗಡಿ ಮಾತು ಮಾತ್ರ ಮುಟ್ಟಿರಲಿಲ್ಲ! ನಿನ್ನ ಮಗನ ತಲೆ ಮೇಲಾಣೆ… ಬೇಡ, ಅವನ ತಲೆ ಬೇಡ. ನನ್ನ ತಲೆ ಮೇಲಾಣೆ. ದಿನಾ ಕೇಳೋರು, ‘ತೆರೀತಾ ಲಾವಲಿ?’ ‘ಇಲ್ಲ, ಮಾತುಕತೆ ನಡೀತಿದೆ’. ‘ತೆರೀತಾ?’ ‘ಮಂತ್ರಿಗಳು ಕೂತಿದ್ದಾರೆ’. ಹಾಗೇ ತಳ್ಳಿದೆ. ನೆನ್ನೆ ಹಸ್ಸುಮಿ ಬಂದ. ಅಂಗೈಯಲ್ಲಿ ಒಂದು ಈರುಳ್ಳಿ. ಹಿಚುಕಿದ, ಬೆರಳ ಸಂದಿಂದ ಕೀವಿನ ಹಾಗೆ ಇಳೀತು. ಏನೂ ಕೇಳ್ಲಿಲ್ಲ ಅವನು. ಕಿವಿಬಳ್ಳಿ ಹಾಕ್ಕೊಂಡಿದ್ದ ನನ್ನ ಮುಖವನ್ನೇ ನೋಡ್ತಾ ನಿಂತ, ಈಗ ನೀನು ನೋಡ್ತೀಯಲ್ಲ, ಥೇಟ್ ಹಾಗೇ. ತಡೆಯೋಕಾಗ್ಲಿಲ್ಲ. ‘ತೆರೀತು’ ಅಂದೆ.

ಒಂದೇ ಮಾತು. ಹೆಂಗಸರು ನಾಲಿಗೆ ಹೊರಳಿಸಿ ಸಂತೋಷದ ಕೂಗು ಹಾಕಿದ್ರು. ಮುದುಕರು ಅಲ್ಲಾಹನ್ನ ನೆನೆದ್ರು. ಯಾರೋ ಶುಭಸುದ್ದಿಗೆ ಅಂತ ನನ್ನ ಕೈಗೆ ಕೋಲಾ ಕಾಯಿ ತುರುಕಿದ್ರು. ಇಲ್ಲ, ತಡೀರಿ ಅನ್ನೋಕೆ ಬಾಯಿ ತೆರೆದ್ರೆ ಅಷ್ಟರಲ್ಲಿ ಮೂಟೆ ಹೊಲೀತಿದ್ರು. ಸುಳ್ಳಿಗೆ ಕಾಲಿಲ್ಲ ಅಂತಾರೆ ತಸಲ್ಲಾ… ನನ್ನ ಸುಳ್ಳಿಗೆ ಚಕ್ರ ಇತ್ತು.

ಲಾರಿ ಹೋದಾಗಿನಿಂದ ಇದರ ಮುಂದೆ ಕೂತಿದ್ದೀನಿ. ಬರುತ್ತೆ, ನಿಜವಾಗ್ಲೂ ತೆರೆದಿದೆ ಅಂತ ಹೇಳುತ್ತೆ, ಆಗ ನಂದು ಸುಳ್ಳಾಗಲ್ಲ ಅಂತ. ಸೆಲ್ಲು ಬಿಸಿಲಿಗಿಟ್ಟು ಕಾಯಿಸ್ದೆ, ಮತ್ತೆ ಹಾಕ್ದೆ…

ಏನು ಕೆರೀತಿದ್ದೀಯ? ಅದು ಜಾಲಿಯಂಟು. ಉಗುರು ಮುರೀತೀಯ. ನಾನೇ ಮೆತ್ತಿದ್ದು, ಸ್ಟೇಷನ್ ತಿರುಗಿಸೋ ಗುಂಡಿ ಅಲ್ಲಾಡದಿರಲಿ ಅಂತ. ಚಳಿಗೆ ಮುಂಚೆ ಒಂದ್ಸಲ ಹೀಗೇ ಮೂಕಾಗಿತ್ತಲ್ಲ? ಆಗ ನಿನ್ನ ಹಸ್ಸುಮಿನೇ ಅತ್ತ ಇತ್ತ ತಿರುಗಿಸಿ ಹುಡುಕಿಕೊಟ್ಟ. ಯಾವ ಪೋಕರಿಯೋ ಗುಂಡಿ ಮುಟ್ಟಿ ಜಾಗ ತಪ್ಪಿಸಿರ್ತಾನೆ ಅಂದ್ಕೊಂಡು ಆವತ್ತೇ ಅಂಟು ಹಚ್ಚಿ ಭದ್ರ ಮಾಡಿದೆ. ಅದೇ ಸರಿಯಾದ ಜಾಗ ಕಣೇ, ತಿರುಗಿಸ್ಬೇಡ, ತಪ್ಪಿಹೋದ್ರೆ ಮತ್ತೆ ಸಿಗ…

…

ಅದು… ಅದೇ ದನಿ. ಅದೇ ಮನುಷ್ಯ!

ಬದುಕಿದ್ದಾನೆ! ತಸಲ್ಲಾ, ಬದುಕಿದ್ದಾನೆ! ಎಷ್ಟು… ಬೆರಳಷ್ಟೂ ತಿರುಗಿಸ್ಲಿಲ್ಲ ನೀನು. ಇಲ್ಲಿಗೆ ಯಾವಾಗ ಬಂದ್ರು ಇವರು? ನಿಂಗೆ ಹೇಗೆ ಗೊತ್ತು? ಹೇಳಿದ್ರಾ? ಅವರೇ ಹೇಳಿದ್ರಾ, ಬೇಸಗೆಗೆ ಅಲೆ ಬದಲಿಸಿ ಈ ಜಾಗಕ್ಕೆ ಹೋಗ್ತೀವಿ ಅಂತ? ದನಗಾಹಿಗಳು ಬಿಡಾರ ಕಿತ್ತ ಹಾಗೆ ಹೇಳಿಯೇ ಹೋದ್ರಾ? ನಾನ್ಯಾಕೆ ಕೇಳ್ಲಿಲ್ಲ? ದಿನಾ ಕೂತಿದ್ನಲ್ಲ… ಯಾವಾಗ ಹೇಳಿದ್ರು, ಕೊನೇಲಾ? ಕಾರ್ಯಕ್ರಮ ಮುಗಿಯೋ ಹೊತ್ತಿಗೆ?

ಕೊನೇಲಿ… ನಾನು ಆರಿಸಿಬಿಡ್ತೀನಲ್ಲ. ಸುದ್ದಿ ಮುಗೀತು, ಇನ್ನೇನು ಸಲಾಮ್ ಹೇಳ್ತಾನೆ ಅಂದ ತಕ್ಷಣ ಆರಿಸ್ತೀನಿ. ಸೆಲ್ಲು ಉಳೀಲಿ ಅಂತ.

ಹಾಗಾದ್ರೆ ನೀನು ವಾರವೆಲ್ಲ ಕೇಳಿದ್ದೀಯ. ನೆನ್ನೆ ಕೂಡ. ಗಡಿ ಸುದ್ದಿ ನಿಂಗೆ ಗೊತ್ತು. ಚಾಪೆ ಕೊಟ್ಟಾಗ್ಲೇ ಗೊತ್ತಿತ್ತು, ನೀರು ಕೊಟ್ಟಾಗ್ಲೇ ಗೊತ್ತಿತ್ತು. ಅದಕ್ಕೇ ನಿಂತಿದ್ದೆ. ಅದಕ್ಕೇ ಬೈಲಿಲ್ಲ.

ತಡಿ. ಹೇಳ್ತಿದ್ದಾನೆ. ಜೋರು ಮಾಡು… ‘ಗಡಿ’ ಅಂದ. ‘ಮುಚ್ಚಿದೆ’… ‘ಇನ್ನೂ’… ‘ಲಾರಿಯವರು ಈ ಕಡೆ’…

ಸಾಕು. ಕೇಳಿಸ್ತು.

ಹೋದ ತಿಂಗಳು ಆ ಗಡಿ ಕಾಡಲ್ಲಿ ಕಾಯ್ತಾ ನಿಂತ ಲಾರಿಗೆ ಬೈಕ್ ಮೇಲೆ ಬಂದ ಕೋವಿಯೋರು ಬೆಂಕಿ ಹಚ್ಚಿದ್ದನ್ನ ಇದೇ ರೇಡಿಯೋ ಆ ಮರದ ಕೆಳಗೆ ಹೇಳಿತ್ತು. ಅದು ನಿಜದ ಸುದ್ದಿ. ನಂಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಬೀಸಿ ಕಳಿಸ್ದೆ.

ಆದ್ರೆ ಕೇಳು, ಕೇಳು. ತುಂಬಾ ಭಾರ ಹೇರಿದ್ದಾರೆ, ಟೈರು ಬೋಳು. ಕತ್ತಲಾದ ಮೇಲೆ ಆ ಡ್ರೈವರ್ ಓಡಿಸಲ್ಲ. ನಾನು ಅವನ ಜೊತೆ ಅಲೆದೋನು, ಅವನ ಹೆದರಿಕೆ ಬಲ್ಲೆ. ಗಡಿಗೆ ಮುಂಚಿನ ತುಂಗಾ ಬಾವಿ ಹತ್ರ ನಿಲ್ಲಿಸ್ತಾನೆ, ಬೆಳಗಿನ ನಮಾಜು ಆದ ಮೇಲೇ ಕುರುಚಲು ಕಾಡಿಗೆ ಇಳಿಯೋದು. ನಮ್ಮೂರ ಶೈಬು ಹತ್ರ ಬೈಕ್ ಇದೆ, ಕೇಳಿ ತಗೊಂಡು ಹೋಗ್ತೀನಿ. ಮರಳಲ್ಲಿ ಲಾರಿಗಿಂತ ಬೈಕು ವಾಸಿ. ಯಾಕೆ ಅಂತ ಕೇಳ್ತಾನೆ ಶೈಬು. ಕೇಳ್ಲಿ. ಹೇಳ್ತೀನಿ. ಮರದ ಕೆಳಗೆ ಆಗಲೇ ಜನ ಸೇರಿರ್ತಾರೆ, ಅವರ ನಡುವೆಯೇ ಹಾದು ಹೋಗಬೇಕು… ಅವರಿಗೂ ಹೇಳಿಯೇ ಹೋಗ್ತೀನಿ. ಬುರುಡೆ ತಂದೋರು ವಾಪಸ್ ಒಯ್ಲಿ.

ಚಪ್ಪಲಿ ಎಲ್ಲಿ… ಬಿಡು, ಬೇಡ.

ತಸಲ್ಲಾ. ಕತ್ತೆ ಅನ್ನು. ಒಂದ್ಸಲ. ಮೂಗುದಾರ ಹಾಕಿ ಇವನಿಗೆ ಅನ್ನು, ಉಗಿ ಬೇಕಾದ್ರೆ. ಅತ್ತೆ ಮಗಳು ಬೈದು ಕಳಿಸಿದ್ರೆ ದಾರಿ ಸಲೀಸು ಅಂತಾರೆ…

ಇಲ್ವಾ.

ಸರಿ. ಅವನನ್ನ ಕರ್ಕೊಂಡು ಬಂದ ಮೇಲೆ ಅನ್ನು.

ರೇಡಿಯೋ ನಿನ್ನ ಹತ್ರಾನೇ ಇರಲಿ. ಅದು ಈಗ ನಿಂದೇ. ಮರದ ಕೆಳಗೆ ತಗೊಂಡು ಹೋಗಿ ಎಲ್ಲರ ನಡುವೆ ಇಡು, ಸ್ಪೀಕರಲ್ಲೇ ಕೇಳಿಸು. ಮತ್ತೆ… ಸುದ್ದಿ ಮುಗೀತು ಅಂತ ಆರಿಸಬೇಡ. ಸಲಾಮ್ ಹೇಳಿದ ಮೇಲೂ ಏನೋ ಹೇಳ್ತಾರೆ ಅವರು. ಸೆಲ್ಲು ಸತ್ತರೆ ಸಾಯ್ಲಿ. ಕೊನೇ ಮಾತಿನವರೆಗೂ ಆರಿಸಬೇಡ.