ಚಿಪ್ಪಿನ ಆಮೆಗಳು

ಬಾಣಾವರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಇಬ್ಬರು ಅಜ್ಜಿಯರು ಕೂತಿದ್ದರು. ದಪ್ಪ ಕನ್ನಡಕದವರು ದನಿ ತಗ್ಗಿಸಿ ಹೇಳುತ್ತಿದ್ದರು.

“ಮೊಮ್ಮಗಳು ತೆಂಗಿನ ಚಿಪ್ಪಿಗೆ ಕಡ್ಡಿ ಕಾಲು ಅಂಟ್ಸಿ ಆಮೆ ಮಾಡಿದ್ಲು ಕಣಕ್ಕ. ಬಚ್ಚಲ ಒಲೆ ಪಕ್ಕ ಸಾಲಾಗಿ ಇಟ್ಟಿದ್ಲು. ಉರಿ ಹಾಕೋ ಚಿಪ್ಪು ಅಂದ್ಕೊಂಡು ಎಲ್ಲಾನೂ ಒಲೆಗೆ ಹಾಕಿ, ಅವ್ಳ ಸ್ನಾನಕ್ಕೇ ನೀರು ಕಾಯ್ಸಿಬುಟ್ಟೆ.”

“ಅಯ್ಯೋ! ಕಾಲು ಕಾಣ್ಲಿಲ್ವಾ?”

“ಅವ್ಳು ಏನ್ ಮಾಡ್ತಾಳೆ ಅಂತ ನಾನು ಯಾವತ್ತು ನೋಡಿದ್ದೆ?”

“ಅತ್ತುಬುಟ್ಲಾ?”

“ಅಳ್ಲಿಲ್ಲ. ‘ಅಜ್ಜಿ, ಆ ನೀರ್ನೇ ನಂಗೆ ಹುಯ್ದ್ಯಾ?’ ಅಂದ್ಲು.”

“ಶಿವನೇ! ಬೇರೆ ಚಿಪ್ಪು ಕೊಡ್ಬಾರ್ದಿತ್ತಾ?”

“ಮಾರನೇ ದಿನವೇ ಕೊಟ್ಟೆ ಕಣಕ್ಕ, ಒಳ್ಳೊಳ್ಳೇವು ಆರ್ಸಿ. ಇಸ್ಕೊಂಡ್ಲು. ತಗೊಂಡೋಗಿ ಅವ್ಳೇ ಒಲೆಗೆ ಹಾಕುದ್ಲು.”

ಕಣಕಟ್ಟೆ ಬಸ್ಸು ಬಂತು. ಇಬ್ಬರೂ ಎದ್ದು ಹತ್ತಿದರು.